ಒಂದೇ ಆವರಣದ ಎರಡು ಸಮಾಧಿ



ಆಳಂದಕ್ಕೆ ಬಂದು ಲಾಡ್ಲೇ ಮಶಾಯಕರ ದರ್ಗೆಯ ಮಾತನ್ನು ಆಡದೆ ಹೋದರೆ ನಾವು ಬಂದ ಕಾರ್ಯ ಅರ್ಧವೇ ಆದೀತು. ಆ ಆವರಣದಲ್ಲಿ ಸೂಫಿ ಸಂತರ ಗೋರಿಯಿದೆ. ಅಲ್ಲಿಯೇ ರಾಘವಚೈತನ್ಯರ ಸಮಾಧಿಯೂ ಅವರ ಹೆಸರಿನ ಶಿವಲಿಂಗವೂ ಇವೆ. ಇಬ್ಬರು ಮಹನೀಯರೂ ಶತಮಾನಗಳಿಂದ ಒಂದೇ ಗೋಡೆಯೊಳಗೆ ಶಾಂತವಾಗಿ ಮಲಗಿದ್ದಾರೆ. ಜಗಳವೆಲ್ಲ ಎದ್ದು ಓಡಾಡುವ ನಮ್ಮದು!

2021ರ ನವೆಂಬರಿನಲ್ಲಿ ಆ ಲಿಂಗಕ್ಕೆ ಅಪಚಾರವಾಯಿತೆಂದು ದೂರು ಎದ್ದಿತು. 2022ರ ಮಾರ್ಚ್ 1, ಶಿವರಾತ್ರಿಯ ದಿನ, ಕಲ್ಲು ತೂರಾಟವಾಯಿತು. ಎಸೆದವರು ಯಾರೆಂಬುದನ್ನು ನ್ಯಾಯಾಲಯ ವಿಚಾರಿಸಲಿ. ಪೂಜಾಸ್ಥಾನಕ್ಕೆ ಅಪಚಾರ ಮಾಡಿದವನು ಯಾವ ಮತದವನಾದರೂ ತಪ್ಪಿತಸ್ಥನೇ. ಇದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಒಬ್ಬನ ತಪ್ಪಿಗೆ ಅವನ ಓಣಿಯವರನ್ನೆಲ್ಲ ಹೊಣೆ ಮಾಡುವುದು ಯಾವ ನ್ಯಾಯ? ಊರಿಗೆ ನಿಷೇಧಾಜ್ಞೆ ಬಿದ್ದ ದಿನ ತೊಗರಿ ಚೀಲ ಹೊರುವ ಹಮಾಲನಿಗೆ ಕೂಲಿಯಿಲ್ಲ. ಆ ಸಂಜೆ ಅವನ ಮನೆಯ ಒಲೆ ಹಿಂದುವೋ ಮುಸಲ್ಮಾನವೋ, ಹೇಳಿರಿ.

2023ರ ಶಿವರಾತ್ರಿಗೆ ವಿಷಯ ಉಚ್ಚ ನ್ಯಾಯಾಲಯದ ತನಕ ಹೋಯಿತು. ಬೆಳಿಗ್ಗೆ 8ರಿಂದ 12ರವರೆಗೆ ಉರುಸಿನ ವಿಧಿ, ಮಧ್ಯಾಹ್ನ 2ರಿಂದ 6ರವರೆಗೆ 15 ಜನರಿಂದ ಲಿಂಗಪೂಜೆ ಎಂದು ಗೊತ್ತಾಯಿತು. ಪೂಜೆ ನಡೆಯಿತು, ಸಂತೋಷ. ಆದರೆ ಅಜ್ಜಂದಿರು ಕಟ್ಟೆಯ ಮೇಲೆ ಕುಳಿತು ಬಗೆಹರಿಸಬಹುದಾದದ್ದಕ್ಕೆ ಗಡಿಯಾರ, ಪೊಲೀಸರು, ವಕೀಲರು ಬೇಕಾದರಲ್ಲ ಎಂದು ನಮಗೆ ನಾಚಿಕೆಯೂ ಆಯಿತು. 15 ಜನರೇ ಏಕೆಂದು ಕೆಲವರು ನಮ್ಮನ್ನು ಕೇಳಿದರು. ನಿಮ್ಮ ಎದೆಯ ಮೇಲೆ ಇಷ್ಟಲಿಂಗವಿದೆಯಪ್ಪ. ಅದರ ಪೂಜೆಗೆ ಎಷ್ಟು ಜನ ಬೇಕು, ಯಾರ ಪರವಾನಗಿ ಬೇಕು? ಅದನ್ನು ದಿನವೂ ಕೈಯಲ್ಲಿ ಹಿಡಿಯದವನೇ ವರ್ಷಕ್ಕೊಮ್ಮೆ ಬೀದಿಯಲ್ಲಿ ಹೆಚ್ಚು ಕೂಗುವುದನ್ನು ನಾವು ಕಂಡಿದ್ದೇವೆ.

ಇನ್ನೊಂದು ಮಾತು, ಕೆಲವರಿಗೆ ಕಹಿಯಾದೀತು. ನಿಜಾಮರ ಕಾಲದಲ್ಲಿ ರಜಾಕಾರರು ನಮ್ಮ ಸೀಮೆಯಲ್ಲಿ ಮಾಡಿದ ಲೂಟಿ, ಕೊಲೆಗಳನ್ನು ನಮ್ಮ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ಹೇಳಲೇಬೇಕು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಯಿತು, ಹೈದರಾಬಾದ ಸಂಸ್ಥಾನ ಭಾರತಕ್ಕೆ ಸೇರಿತು. ಅಲ್ಲಿಗೆ ಕಥೆ ನಿಲ್ಲಿಸುತ್ತೇವೆ. ಆಮೇಲೆ ಏನಾಯಿತು? ರಜಾಕಾರರ ಸುದ್ದಿಯೇ ಅರಿಯದ ಬಡ ಮುಸಲ್ಮಾನರ ಮೇಲೆ ಸೇಡು ತೀರಿಸಲಾಯಿತು. ನೆಹರೂ ಸರಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿಯು ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾವನ್ನೂ ಎಣಿಸಿತು. ಆ ವರದಿ ಬಹುಕಾಲ ಬೆಳಕಿಗೆ ಬರಲಿಲ್ಲ. ಅರ್ಧ ಕಥೆ ಕೇಳಿ ಬೆಳೆದ ಮಗನಿಗೆ ಸಿಟ್ಟು ಮಾತ್ರ ಬರುತ್ತದೆ. ಪೂರ್ತಿ ಹೇಳಿರಿ, ಆಚೆಯ ಮನೆಯವರೂ ತಮ್ಮ ಮಕ್ಕಳಿಗೆ ಪೂರ್ತಿ ಹೇಳಲಿ.

ತಿಂಥಣಿಯ ಮೌನೇಶ್ವರನಿಗೆ ಎರಡೂ ಮತದವರು ನಡೆದುಕೊಳ್ಳುತ್ತಾರೆ. ಮೊಹರಮ್ಮಿನ ದೇವರನ್ನು ನಮ್ಮ ಹಳ್ಳಿಗಳಲ್ಲಿ ಹೊರುವವರು ಯಾರು? ನೀವೇ ಅಲ್ಲವೇ? ಮನೆಯಲ್ಲಿ ಚೋಂಗೆ ಮಾಡುವ ತಾಯಂದಿರು ನಗುತ್ತಿದ್ದಾರೆ, ಅವರಿಗೆ ಗೊತ್ತು.

ಬರುವ ಶಿವರಾತ್ರಿಗೆ ಎಂಟು ದಿನ ಮೊದಲೇ ಊರಿನ ಐದು ಜನ ಹಿರಿಯರು ದರ್ಗೆಯ ಹಿರಿಯರ ಮನೆಗೆ ಹೋಗಿರಿ. ಯಾವ ಹೊತ್ತಿಗೆ ಬರುತ್ತೇವೆ, ಯಾವ ದಾರಿಯಿಂದ ಬರುತ್ತೇವೆ, ಎಲ್ಲಿ ನಿಲ್ಲುತ್ತೇವೆ ಎಂದು ಕುಳಿತು ಮಾತಾಡಿರಿ. ಚಹಾ ಕೊಟ್ಟರೆ ಕುಡಿದು ಬನ್ನಿರಿ. ಒಬ್ಬರೇ ಹೋಗಲು ಸಂಕೋಚವೆನಿಸಿದರೆ ಮಠಕ್ಕೆ ಹೇಳಿ ಕಳಿಸಿರಿ, ನಾವೂ ಜೊತೆಗೆ ಬರುತ್ತೇವೆ.