ಕುಡುಗೋಲು ಕಣದ ಕಾಯಿಲೆ: ಮರೆಮಾಚಬೇಕಾದುದಲ್ಲ, ಅರಿಯಬೇಕಾದುದು



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಕುಡುಗೋಲು ಎಂದರೆ ಸುಗ್ಗಿಯ ನೆನಪು. ಅದೇ ಬಾಗಿದ ಆಕಾರ ರಕ್ತಕಣಕ್ಕೆ ಬಂದಾಗ ಉಂಟಾಗುವುದೇ ಸಿಕಲ್ ಸೆಲ್ ಕಾಯಿಲೆ. ಇದು ಅಂಟುರೋಗವಲ್ಲ, ಶಾಪವಲ್ಲ, ಪೂರ್ವಜನ್ಮದ ಫಲವೂ ಅಲ್ಲ. ತಂದೆ ತಾಯಿ ಇಬ್ಬರಿಂದಲೂ ಹುಟ್ಟಿನೊಂದಿಗೆ ಬರುವ ರಕ್ತದ ದೋಷ.

ಭಾರತದಲ್ಲಿ ಇದು ಮೊದಲು ದಾಖಲಾದದ್ದು 1952ರಲ್ಲಿ, ನೀಲಗಿರಿ ಬೆಟ್ಟಗಳ ಆದಿವಾಸಿಗಳಲ್ಲಿ. ಕರ್ನಾಟಕದಲ್ಲಿ ಸೋಲಿಗ, ಜೇನುಕುರುಬ, ಇರುಳಿಗ ಸಮುದಾಯಗಳಲ್ಲಿ ಇದು ಕಂಡುಬಂದಿದೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ನಡುವೆ ಈ ರೋಗದ ಪತ್ತೆಗೂ ಆರೈಕೆಗೂ ದುಡಿದಿದೆ.

ಕಾಡಿನ ಜನರಲ್ಲೇ ಇದು ಹೆಚ್ಚೇಕೆ? ಉತ್ತರ ಪರಿಸರದಲ್ಲಿದೆ. ಈ ದೋಷದ ಒಂದೇ ಒಂದು ಪ್ರತಿಯನ್ನು ಪಡೆದವರಿಗೆ ತೀವ್ರ ಮಲೇರಿಯಾದಿಂದ ಗಣನೀಯ ರಕ್ಷಣೆ ದೊರೆಯುತ್ತದೆ. ಮಲೇರಿಯಾ ಕಾಡುತ್ತಿದ್ದ ನೆಲದಲ್ಲಿ ಅಂಥವರು ಹೆಚ್ಚಾಗಿ ಬದುಕುಳಿದರು. ದೋಷವೂ ತಲೆಮಾರುಗಳಲ್ಲಿ ಉಳಿಯಿತು. ಒಬ್ಬರಿಗೆ ಕವಚವಾದುದು, ಎರಡು ಪ್ರತಿ ಪಡೆದ ಮಗುವಿಗೆ ರೋಗವಾಯಿತು.

ಆರೋಗ್ಯವಂತರ ಕೆಂಪು ರಕ್ತಕಣ ಸುಮಾರು 120 ದಿನ ಬಾಳುತ್ತದೆ. ಕುಡುಗೋಲು ಕಣ 10ರಿಂದ 20 ದಿನಗಳಲ್ಲೇ ಒಡೆಯುತ್ತದೆ. ಆದ್ದರಿಂದಲೇ ರಕ್ತಹೀನತೆ, ಕಣ್ಣಿನ ಹಳದಿ, ದಣಿವು. ಗಡುಸಾದ ಕಣಗಳು, ಕಾಲುವೆಯ ಬಾಯಿಗೆ ಕಬ್ಬಿನ ರವದಿ ಸಿಕ್ಕಿಕೊಂಡಂತೆ, ಸಣ್ಣ ರಕ್ತನಾಳಗಳನ್ನು ಕಟ್ಟುತ್ತವೆ. ಆಗ ಬರುವ ಮೂಳೆನೋವು ಸಹಿಸಲಸಾಧ್ಯ. ಹೊರಗೆ ಗಾಯ ಕಾಣದು. ಆದ್ದರಿಂದ ಶಾಲೆ ತಪ್ಪಿಸುವ ಮಗುವನ್ನು ಸೋಮಾರಿಯೆಂದೂ, ಹೊಲದಲ್ಲಿ ಕುಸಿದು ಕುಳಿತವನನ್ನು ಕಳ್ಳಬಿದ್ದವನೆಂದೂ ಜರೆಯುವುದುಂಟು. ರೋಗದ ನೋವಿನ ಮೇಲೆ ಇದು ಇನ್ನೊಂದು ನೋವು.

ಈ ರೋಗ ಆದಿವಾಸಿಗಳಿಗಷ್ಟೇ ಸೀಮಿತವಲ್ಲ. ನೆರೆಯ ಮಹಾರಾಷ್ಟ್ರದ ವಿದರ್ಭದಲ್ಲಿ ಇತರ ಸಮುದಾಯಗಳಲ್ಲಿಯೂ ಇದೆ. ಕೃಷ್ಣೆ, ದೂಧಗಂಗೆಯ ದಡದ ಊರುಗಳಲ್ಲಿಯೂ ಪದೇ ಪದೇ ಕಾಮಾಲೆ, ಕಾರಣ ತಿಳಿಯದ ಕೈಕಾಲು ನೋವು, ಶಿಶುವಿನ ಅಂಗೈ ಅಂಗಾಲಿನ ಬಾವು ಕಂಡಾಗ ಈ ಪರೀಕ್ಷೆಯನ್ನೂ ಕೇಳುವುದು ಜಾಣತನ. ಕಬ್ಬಿಣದ ಮಾತ್ರೆಯೊಂದೇ ಇದಕ್ಕೆ ಮದ್ದಲ್ಲ.

ಬಾಳು ಸಾಗಿಸುವ ದಾರಿಯುಂಟು. ಸಾಕಷ್ಟು ನೀರು ಕುಡಿಯುವುದು, ಚಳಿಯಿಂದ ಮೈ ಕಾಯ್ದುಕೊಳ್ಳುವುದು, ಬಿಸಿಲಲ್ಲಿ ಮೈಮುರಿದು ದುಡಿಯದಿರುವುದು, ಲಸಿಕೆ, ಫೋಲಿಕ್ ಆಮ್ಲದ ಮಾತ್ರೆ, ವೈದ್ಯರ ನಿಗಾದಲ್ಲಿ ಹೈಡ್ರಾಕ್ಸಿಯೂರಿಯಾ: ಇವುಗಳಿಂದ ನೋವಿನ ಸರದಿ ಕಡಿಮೆಯಾಗುತ್ತದೆ. ಜ್ವರ, ಎದೆನೋವು, ಉಸಿರಾಟದ ತೊಂದರೆ, ಒಂದು ಬದಿಯ ಬಲ ಕುಂದುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಮದುವೆಯ ಮಾತು. ಒಂದೇ ಪ್ರತಿ ಉಳ್ಳವರು ವಾಹಕರು. ಅವರು ಸಾಮಾನ್ಯವಾಗಿ ರೋಗಿಗಳಲ್ಲ. ವಾಹಕರಿಬ್ಬರು ಕೂಡಿದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲೊಂದು. ಸೋದರಮಾವ, ಸೋದರತ್ತೆಯ ಮಗ ಎಂಬ ಒಳಸಂಬಂಧಗಳಲ್ಲಿ ಇಬ್ಬರೂ ಒಂದೇ ದೋಷ ಹೊತ್ತಿರುವ ಸಾಧ್ಯತೆ ಹೆಚ್ಚು. ಥಲಸೀಮಿಯಾದಂಥ ಬೇರೆ ರಕ್ತದೋಷವೂ ಇಲ್ಲದ ಸಂಗಾತಿ ದೊರೆತರೆ ವಾಹಕರ ಮಕ್ಕಳಿಗೆ ಈ ರೋಗದ ಭಯವಿಲ್ಲ. ಆದ್ದರಿಂದ ಪರೀಕ್ಷೆ ಬೇಕಾಗಿರುವುದು ಅರಿವಿಗಾಗಿ, ಕನ್ಯೆಯನ್ನು ನಿರಾಕರಿಸುವುದಕ್ಕಲ್ಲ. ರೋಗವುಳ್ಳ ಮಗು ಹುಟ್ಟಿದಾಗ ತಾಯಿಯೊಬ್ಬಳನ್ನೇ ದೂಷಿಸುವುದು ಅನ್ಯಾಯ ಮಾತ್ರವಲ್ಲ, ಅಸತ್ಯ ಕೂಡ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಸಿಕಲ್ ಸೆಲ್ ಕಾಯಿಲೆಯೂ ಒಂದು. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ 7 ಕೋಟಿ ಜನರ ತಪಾಸಣೆಯ ಗುರಿ ಹೊಂದಿತು. 2047ರೊಳಗೆ ರೋಗ ನಿರ್ಮೂಲನೆ ಅದರ ಸಂಕಲ್ಪ. ಆದರೆ ತಪಾಸಣೆಯ ಚೀಟಿಯಷ್ಟೇ ಸಾಲದು. ಚೀಟಿ ಪಡೆದವರಿಗೆ ಸಮೀಪದಲ್ಲೇ ಔಷಧ, ರಕ್ತ, ಸಮಾಧಾನದ ಮಾತು ದೊರೆಯಬೇಕು.

ಜೂನ್ 19 ವಿಶ್ವ ಸಿಕಲ್ ಸೆಲ್ ದಿನ. ಅಂದು ಪ್ರತಿ ಶಾಲೆಯಲ್ಲಿ ಒಂದು ಪಾಠ ನಡೆಯಲಿ, ಗ್ರಾಮಸಭೆಯಲ್ಲಿ ಈ ವಿಷಯ ಪ್ರಸ್ತಾಪವಾಗಲಿ, ಯುವಕರು ರಕ್ತದಾನಕ್ಕೆ ಮುಂದಾಗಲಿ. ನೋವುಂಡವರ ಮಾತನ್ನು ನಂಬುವುದೇ ಆರೈಕೆಯ ಮೊದಲ ಹೆಜ್ಜೆ.