ಅಲೆಯ ಮೇಲೆ ಮೊದಲ ಪಾಠ



ರಜೆಗೆಂದು ಹವಾಯಿಯ ವೈಕೀಕಿ ಕಡಲತೀರಕ್ಕೆ ಹೋದವರಲ್ಲಿ ಅನೇಕರು ಸರ್ಫಿಂಗ್ ಪಾಠಕ್ಕೆ ಹಣ ಕಟ್ಟುತ್ತಾರೆ. ಪಾಠ ಮರಳಿನ ಮೇಲೆಯೇ ಆರಂಭ. ಹಲಗೆಯ ಮೇಲೆ ಬೋರಲು ಮಲಗುವುದು, ಕೈಗಳಿಂದ ನೀರನ್ನು ಹಿಂದಕ್ಕೆ ತಳ್ಳುವುದು, ಒಂದೇ ನೆಗೆತಕ್ಕೆ ಎದ್ದು ನಿಲ್ಲುವುದು. ಕಡಲಿಗಿಳಿದ ಮೇಲೆ ತಕ್ಕ ಅಲೆಯನ್ನು ಗುರುತಿಸಿ ಹಲಗೆಯನ್ನು ತಳ್ಳಿಕೊಡುವವನು ಗುರು. ಮತ್ತೆ ಮತ್ತೆ ಬೀಳುವುದು ಶಿಷ್ಯನ ಪಾಲು!

ಹವಾಯಿ ಭಾಷೆಯಲ್ಲಿ ಇದರ ಹೆಸರು ‘ಹೆಎ ನಲು’. ಅರಸರು, ಪ್ರಜೆಗಳು, ಗಂಡಸರು, ಹೆಂಗಸರು ಎಲ್ಲರೂ ಅಲೆಯೇರುತ್ತಿದ್ದರು. 1778ರಲ್ಲಿ ಕ್ಯಾಪ್ಟನ್ ಕುಕ್ ಬಂದ ಬಳಿಕ ಹೊರಗಿನ ರೋಗಗಳು ಅಸಂಖ್ಯ ಜನರನ್ನು ಬಲಿ ತೆಗೆದುಕೊಂಡವು. 1820ರಲ್ಲಿ ಬಂದ ಅಮೆರಿಕದ ಮಿಷನರಿಗಳಿಗೆ ಈ ಅರೆಬೆತ್ತಲೆ ಆಟ ಹಿಡಿಸಲಿಲ್ಲ. ಆಟ ಸೊರಗಿತು, ಆದರೆ ಅಳಿಯಲಿಲ್ಲ. 1893ರಲ್ಲಿ ರಾಣಿಯ ಪಟ್ಟ ಹೋಯಿತು. 1898ರಲ್ಲಿ ದ್ವೀಪಗಳೇ ಅಮೆರಿಕದ ಪಾಲಾದವು.

1907ರಲ್ಲಿ ಲೇಖಕ ಜಾಕ್ ಲಂಡನ್ ವೈಕೀಕಿಯಲ್ಲಿ ಅಲೆಯೇರಲು ಕಲಿತು, ಬಿಸಿಲಿಗೆ ಮೈ ಸುಟ್ಟುಕೊಂಡು ಹಾಸಿಗೆ ಹಿಡಿದರು. ಅವರ ಲೇಖನ ದೂರದ ಓದುಗರಲ್ಲಿ ಕುತೂಹಲ ಹುಟ್ಟಿಸಿತು. ಪ್ರವಾಸಿಗರಿಗೆ ಕಲಿಸುವ ಸ್ಥಳೀಯ ಯುವಕರು ‘ಬೀಚ್ ಬಾಯ್’ಗಳೆನಿಸಿದರು. ಅದೇ ತೀರದಲ್ಲಿ ಬೆಳೆದ ಡ್ಯೂಕ್ ಕಹನಮೋಕು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಈಜಿನ ಚಿನ್ನ ಗೆದ್ದರು. ಮುಂದೆ ಆಸ್ಟ್ರೇಲಿಯಾದಲ್ಲೂ ಸರ್ಫಿಂಗ್ ಪ್ರದರ್ಶಿಸಿದರು.

ಇಂದು ಕರ್ನಾಟಕದ ಮೂಲ್ಕಿಯಲ್ಲೂ ಈ ಪಾಠ ಹೇಳಿಕೊಡುತ್ತಾರೆ. ಎಲ್ಲಿ ಕಲಿತರೂ ಒಂದು ಮಾತು ನೆನಪಿರಲಿ: ನೆಲದ ಒಡೆತನ ಕಳೆದುಕೊಂಡ ಜನ ನೀರಿನ ಮೇಲೆ ಗುರುಸ್ಥಾನ ಉಳಿಸಿಕೊಂಡರು. ಪ್ರವಾಸಿ ತೆರುವುದು ಹಲಗೆಯ ಬಾಡಿಗೆಯನ್ನಷ್ಟೆ. ಕಲಿಯುವುದು ಒಂದು ಜನಾಂಗ ಕಾಪಾಡಿಕೊಂಡು ಬಂದ ವಿದ್ಯೆಯನ್ನು.