ವಿಯೋಲವನ್ನು ಆರಿಸಿಕೊಂಡ ತರುಣರು
(ಶತಮಾನೋತ್ಸವದ ಸಂಗೀತ ಸಂಜೆಯಲ್ಲಿ ಮಾಡಿದ ಭಾಷಣ)



ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ವಿಷಯ ಸಮುದ್ರದಂತಹುದು, ಅದರಿಂದ ಒಂದು ಬೊಗಸೆಯನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಈ ಸಭೆಯಲ್ಲಿ ಪಿಟೀಲು ಕಲಿಯುತ್ತಿರುವ ಮಕ್ಕಳಿದ್ದಾರೆ, ಅವರ ತಾಯಿತಂದೆಗಳೂ ಇದ್ದಾರೆ. "ಪಿಟೀಲಿನಲ್ಲಿ ಪೈಪೋಟಿ ವಿಪರೀತ, ವಿಯೋಲಕ್ಕೆ ಬದಲಾಯಿಸಿಕೊಂಡರೆ ಕೆಲಸ ಬೇಗ ಸಿಕ್ಕುವುದಂತೆ, ನಿಜವೇ?" ಎಂದು ಕೇಳುವವರು ಅನೇಕರು. ಈ ಪ್ರಶ್ನೆಗೆ ನನಗೆ ತೋಚಿದ ಉತ್ತರವನ್ನು ನಿಮ್ಮ ಮುಂದಿಡುವುದೇ ಇಂದಿನ ನನ್ನ ಕೆಲಸ.

ಮೊದಲು ವಾದ್ಯದ ಪರಿಚಯ. ನಮ್ಮ ಗಾನವೃಂದದಲ್ಲಿ ಆಲ್ಟೊ ಹಾಡುವ ಹೆಣ್ಣುಮಕ್ಕಳಿಗೆ ಒಂದು ಹಳೆಯ ದೂರಿದೆ. ಸೊಪ್ರಾನೊದವರಿಗೆ ಇಂಪಾದ ರಾಗವೆಲ್ಲ ದೊರೆಯುತ್ತದೆ, ತಮಗೆ ಮಾತ್ರ ಎರಡು ಮೂರು ಸ್ವರಗಳ ನಡುವೆ ಅಲೆದಾಟ. ಆದರೆ ಆ ಆಲ್ಟೊವನ್ನು ಒಂದು ಭಾನುವಾರ ತೆಗೆದುಹಾಕಿ ನೋಡಿರಿ! ಹಾಡು ಟೊಳ್ಳಾಗುತ್ತದೆ. ಎಲ್ಲಿ ಟೊಳ್ಳಾಯಿತೆಂದು ಕೇಳುಗನಿಗೆ ಹೇಳಲು ಬಾರದಿದ್ದರೂ ಏನೋ ಕಳೆದುಹೋಯಿತೆಂಬುದು ಅವನಿಗೆ ತಿಳಿಯುತ್ತದೆ. ತಂತಿವಾದ್ಯಗಳ ಸಂಸಾರದಲ್ಲಿ ವಿಯೋಲದ ಸ್ಥಾನ ಇದೇ. ನೋಟಕ್ಕೆ ಅದು ತುಸು ದೊಡ್ಡ ಪಿಟೀಲು. ಶ್ರುತಿಯಲ್ಲಿ ಪಿಟೀಲಿಗಿಂತ ಒಂದು ಪಂಚಮದಷ್ಟು ಕೆಳಗೆ. ಅದರ ನಾಲ್ಕು ತಂತಿಗಳು ಸಿ, ಜಿ, ಡಿ, ಎ.

ಈ ವಾದ್ಯದ ಒಡಲಿನಲ್ಲಿಯೇ ಒಂದು ಇಕ್ಕಟ್ಟು ಅಡಗಿದೆ. ಪಿಟೀಲಿನ ಒಡಲು ಸುಮಾರು 14 ಅಂಗುಲ. ಪಂಚಮದಷ್ಟು ಕೆಳಗಿನ ನಾದವು ಅಷ್ಟೇ ತುಂಬಿ ಬರಬೇಕಾದರೆ ಲೆಕ್ಕದ ಪ್ರಕಾರ ಒಡಲು ಒಂದೂವರೆ ಪಾಲು, ಎಂದರೆ 21 ಅಂಗುಲ ಇರಬೇಕು. ಅಷ್ಟು ದೊಡ್ಡದನ್ನು ಗದ್ದದ ಕೆಳಗಿಟ್ಟು ನುಡಿಸುವ ಮನುಷ್ಯನು ಹುಟ್ಟಿಲ್ಲ. ಆದುದರಿಂದ ವಾದ್ಯಶಿಲ್ಪಿಗಳು ಸುಮಾರು ಹದಿನೈದೂವರೆಯಿಂದ ಹದಿನೇಳು ಅಂಗುಲದೊಳಗೆ ರಾಜಿ ಮಾಡಿಕೊಂಡಿದ್ದಾರೆ. ಪಿಟೀಲಿಗೆ ಇರುವಂತೆ ವಿಯೋಲಕ್ಕೆ ಇಂದಿಗೂ ಒಂದು ಗೊತ್ತಾದ ಅಳತೆಯಿಲ್ಲ. ಅದರ ಸ್ವಲ್ಪ ಮಬ್ಬಾದ, ಮೂಗಿನಿಂದ ಬಂದಂತಹ ಕಂಠವು ಈ ರಾಜಿಯ ಫಲವೇ ಆಗಿದೆ. ಅದನ್ನು ಕೊರತೆಯೆನ್ನುವವರು ಉಂಟು. ಅದಕ್ಕಾಗಿಯೇ ವಾದ್ಯವನ್ನು ಪ್ರೀತಿಸುವವರೂ ಉಂಟು. ನಾನು ಆ ಎರಡನೆಯ ಪಕ್ಷದವನು.

ಬಹುಕಾಲ ವಿಯೋಲವೆಂದರೆ ಪಿಟೀಲಿನಲ್ಲಿ ಸೋತವರ ಆಶ್ರಯವೆಂಬ ಭಾವನೆಯಿತ್ತು. ಮೊಜಾರ್ಟನಿಗೆ ವಿಯೋಲ ನುಡಿಸುವುದೆಂದರೆ ಪ್ರೀತಿ. ಬೀಥೋವನ್ ಬಾನ್ ನಗರದ ಆಸ್ಥಾನದ ವಾದ್ಯವೃಂದದಲ್ಲಿ, ಡ್ವೋರ್ಷಾಕ್ ಪ್ರಾಗ್ ನಗರದ ನಾಟಕಶಾಲೆಯ ವಾದ್ಯವೃಂದದಲ್ಲಿ ವಿಯೋಲ ನುಡಿಸಿದವರು. ಇಷ್ಟಾದರೂ ಒಂಟಿಯಾಗಿ ನುಡಿಸಲು ಅದಕ್ಕಿದ್ದ ಕೃತಿಗಳು ಬೆರಳೆಣಿಕೆಯವು. ಪಗನೀನಿ ಕೇಳಿದನೆಂದು ಬರ್ಲಿಯೋಜ್ 1834ರಲ್ಲಿ ವಿಯೋಲಕ್ಕೊಂದು ದೊಡ್ಡ ಕೃತಿಯನ್ನು ರಚಿಸಿದನು. ತನಗೆ ಅದರಲ್ಲಿ ಸುಮ್ಮನೆ ನಿಲ್ಲುವ ಕೆಲಸವೇ ಹೆಚ್ಚೆಂದು ಪಗನೀನಿ ಅದನ್ನು ನುಡಿಸಲೇ ಇಲ್ಲ.

ಈ ಸ್ಥಿತಿಯನ್ನು ಬದಲಾಯಿಸಿದವನು ಲಯೊನೆಲ್ ಟರ್ಟಿಸ್. 1876ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಇವನು ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪಿಟೀಲಿನ ವಿದ್ಯಾರ್ಥಿಯಾಗಿದ್ದಾಗ, ನಾಲ್ವರ ಗೋಷ್ಠಿಗೆ ಒಬ್ಬ ವಿಯೋಲದವನು ಬೇಕೆಂದು ಸಹಪಾಠಿಯೊಬ್ಬನು ಕೇಳಿಕೊಂಡನು. ಹಾಗೆ ಕೈಗೆ ಬಂದ ವಾದ್ಯವನ್ನು ಅವನು ಮತ್ತೆ ಕೆಳಗಿಡಲಿಲ್ಲ. ಕೃತಿಗಳಿಲ್ಲವೆಂದರೆ ಬರೆಸಬೇಕು ಎಂಬುದು ಅವನ ಹಟ. ತನ್ನ ಕಾಲದ ರಚನಕಾರರನ್ನು ಬೆನ್ನುಹತ್ತಿ ಬರೆಸಿದನು. ವಾನ್ ವಿಲಿಯಮ್ಸ್ ಅವನಿಗಾಗಿ ರಚಿಸಿದ 'ಫ್ಲೋಸ್ ಕಾಂಪಿ' ಎಂಬ ಕೃತಿಯು 1925ರಲ್ಲಿ ಮೊದಲು ಕೇಳಿಬಂದಿತು. ಅದರ ಒಂದೊಂದು ಭಾಗದ ನೆತ್ತಿಯಲ್ಲಿಯೂ ಪರಮಗೀತೆಯ ಲತೀನ್ ವಚನವಿದೆ. ಗಾನವೃಂದವು ಪದಗಳಿಲ್ಲದೆ ಬರಿಯ ಸ್ವರವನ್ನು ಹಾಡುತ್ತದೆ, ಪದಗಳನ್ನು ಆಡುವ ಹೊಣೆ ವಿಯೋಲದ ಪಾಲಿಗೆ ಬಿದ್ದಿದೆ. ನಮ್ಮ ಗಾನವೃಂದದವರು ಇದನ್ನು ಒಮ್ಮೆಯಾದರೂ ಕೇಳಬೇಕು.

ಇಂತಹ ಟರ್ಟಿಸನೂ ಒಮ್ಮೆ ಎಡವಿದನು. ವಾಲ್ಟನ್ ಎಂಬ ತರುಣನು ಬರೆದ ಕೃತಿಯು ತೀರ ಆಧುನಿಕವೆಂದು ತಿರುಗಿ ಕಳುಹಿಸಿಬಿಟ್ಟನು. 1929ರ ಅಕ್ಟೋಬರಿನಲ್ಲಿ ಅದನ್ನು ನುಡಿಸಿದವನು ಜರ್ಮನಿಯ ಹಿಂಡೆಮಿತ್. ಅವನು ಸ್ವತಃ ದೊಡ್ಡ ರಚನಕಾರ, ವೃತ್ತಿಯಿಂದ ವಿಯೋಲ ವಾದಕ. ಟರ್ಟಿಸ್ ತನ್ನ ತಪ್ಪನ್ನು ಮುಂದೆ ಬಾಯಿಬಿಟ್ಟು ಒಪ್ಪಿಕೊಂಡು ಅದೇ ಕೃತಿಯನ್ನು ತಾನೂ ನುಡಿಸಿದನು. ಈಗ ಆ ಕೃತಿಯನ್ನು ಅಭ್ಯಾಸ ಮಾಡದೆ ಮುಂದೆ ಸಾಗುವ ವಿಯೋಲ ವಿದ್ಯಾರ್ಥಿಯೇ ವಿರಳ.

ಹಿಂಡೆಮಿತನದು ಇನ್ನೊಂದು ಘಟನೆಯಿದೆ. 1936ರ ಜನವರಿ 20ರಂದು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್ ತೀರಿಕೊಂಡನು. ಕಚೇರಿಗೆಂದು ಲಂಡನ್ನಿಗೆ ಬಂದಿದ್ದ ಹಿಂಡೆಮಿತ್ ಮರುದಿನ ಬೆಳಿಗ್ಗೆ 11 ಗಂಟೆಗೆ ಕುಳಿತು ಸಂಜೆ 5ರೊಳಗೆ ವಿಯೋಲ ಮತ್ತು ತಂತಿವಾದ್ಯಗಳಿಗಾಗಿ ಒಂದು ಶೋಕಗೀತವನ್ನು ರಚಿಸಿ, ಅದೇ ಸಂಜೆ ಬಿ.ಬಿ.ಸಿ. ಬಾನುಲಿಯಲ್ಲಿ ತಾನೇ ನುಡಿಸಿದನು. ಅದರ ಕೊನೆಯಲ್ಲಿ ಬರುವುದು, ದೇವರ ಸಿಂಹಾಸನದ ಮುಂದೆ ನಿಲ್ಲುವ ಆತ್ಮದ ಒಂದು ಹಳೆಯ ಸ್ತೋತ್ರದ ರಾಗ. ಆ ದಿನ ಆ ಮಾತನ್ನಾಡಲು ಪಿಟೀಲಿನ ಎತ್ತರದ ದನಿ ಸಲ್ಲುತ್ತಿರಲಿಲ್ಲವೆಂದು ನನ್ನ ಭಾವನೆ.

ಇನ್ನು ಈಚಿನವರು. ಟರ್ಟಿಸನ ಹೆಸರಿನ ಅಂತರರಾಷ್ಟ್ರೀಯ ಸ್ಪರ್ಧೆಯು 1980ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಆರಂಭವಾಯಿತು. ಮೊದಲನೆಯ ಸ್ಪರ್ಧೆಯನ್ನು ಗೆದ್ದ ಅಮೆರಿಕದ ಪಾಲ್ ನಾಯ್‌ಬಾವರ್ 21ನೆಯ ವಯಸ್ಸಿನಲ್ಲಿಯೇ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ ಪ್ರಧಾನ ವಿಯೋಲ ವಾದಕರಾದರು. 2016ರಲ್ಲಿ ಅದೇ ಸ್ಪರ್ಧೆಯನ್ನು ಗೆದ್ದ ತಿಮೊತಿ ರಿಡೌಟ್ ಹುಟ್ಟಿದ್ದು 1995ರಲ್ಲಿ. ಮ್ಯೂನಿಕ್ ಸ್ಪರ್ಧೆಯಲ್ಲಿ 2018ರಲ್ಲಿ ಗೆದ್ದ ಚೀನಾದ ಡಿಯಾಂಗ್ ಮೇ 2022ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್‌ನ ಪ್ರಧಾನ ಪೀಠವನ್ನೇರಿದರು. ಇವರೆಲ್ಲರಿಗಿಂತಲೂ ನನ್ನ ಮನಸ್ಸನ್ನು ಸೆಳೆದವರು ಜರ್ಮನಿಯ ಟಬೆಯಾ ಜಿಮ್ಮರ್‌ಮನ್. 1966ರಲ್ಲಿ ಜನಿಸಿದ ಈಕೆ ಮೂರನೆಯ ವಯಸ್ಸಿನಲ್ಲಿ ಕೈಗೆತ್ತಿಕೊಂಡದ್ದೇ ವಿಯೋಲವನ್ನು. ಪಿಟೀಲಿನಿಂದ ಇಳಿದು ಬಂದವರಲ್ಲ. ಆಕೆಯ ಸಿ ತಂತಿಯ ನಾದವನ್ನು ಕೇಳಿ ಬೆರಗಾದ ಲಿಗೆಟಿ ಎಂಬ ಹಂಗೆರಿಯ ಮಹಾ ರಚನಕಾರನು ವಿಯೋಲಕ್ಕೆಂದೇ ಒಂದು ಸೊನಾಟವನ್ನು ರಚಿಸಿದನು. ಅದರ ಮೊದಲ ಭಾಗವನ್ನು ಆದ್ಯಂತವಾಗಿ ಆ ಒಂದೇ ತಂತಿಯ ಮೇಲೆ ನುಡಿಸಬೇಕು. ನಿರ್ಲಕ್ಷ್ಯಕ್ಕೆ ಗುರಿಯಾಗಿದ್ದ ವಾದ್ಯದ ಅತಿ ಕೆಳಗಿನ ತಂತಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ?

ಇಲ್ಲಿಯವರೆಗೆ ಹೇಳಿದ್ದು ಶಿಖರದ ಮಾತು. ಹೊಟ್ಟೆಪಾಡಿನ ಮಾತನ್ನೂ ಆಡಬೇಕಲ್ಲವೇ? ದೊಡ್ಡ ವಾದ್ಯವೃಂದವೊಂದರಲ್ಲಿ ಪಿಟೀಲಿನವರು ಸುಮಾರು 30 ಮಂದಿ, ವಿಯೋಲದವರು 12. ಪಿಟೀಲು ಕಲಿತವರಿಗಿಂತ ವಿಯೋಲ ಕಲಿತವರು ಕಡಿಮೆಯೆಂಬುದು ನಿಜ. ತೆರವಾಗುವ ಸ್ಥಾನಗಳೂ ಕಡಿಮೆಯೆಂಬುದನ್ನು ಜನ ಮರೆಯುತ್ತಾರೆ. ಆ ಒಂದು ಸ್ಥಾನಕ್ಕೆ ಹಲವು ದೇಶಗಳ ತರುಣರು ಬರುತ್ತಾರೆ. ಅನೇಕ ಕಡೆ ಮೊದಲ ಸುತ್ತಿನಲ್ಲಿ ನಡುವೆ ಪರದೆ ಇರುತ್ತದೆ. ನುಡಿಸುವವನು ಗಂಡೋ ಹೆಣ್ಣೋ, ಯಾರ ಶಿಷ್ಯನೋ ತೀರ್ಪುಗಾರರಿಗೆ ತಿಳಿಯದು. ಜರ್ಮನಿಯಲ್ಲಾದರೆ ಹಾಫ್‌ಮೈಸ್ಟರ್ ಅಥವಾ ಸ್ಟಾಮಿಟ್ಜನ ಕೃತಿಯ ಮೊದಲ ಭಾಗವನ್ನು ನುಡಿಸಬೇಕು. ಇನ್ನೂರು ವರ್ಷಗಳ ಹಿಂದಿನ ಸರಳ ಸಂಗೀತ, ಕೇಳಿದರೆ ಮಕ್ಕಳ ಆಟದಂತೆ ತೋರುತ್ತದೆ. ಅದರಲ್ಲಿ ಬಚ್ಚಿಟ್ಟುಕೊಳ್ಳಲು ಎಡೆಯೇ ಇಲ್ಲ. ಶ್ರುತಿ ಕೂದಲೆಳೆಯಷ್ಟು ಜಾರಿದರೂ ಬಯಲಾಗುತ್ತದೆ. ಎರಡು ನಿಮಿಷದಲ್ಲಿ "ಸಾಕು, ವಂದನೆಗಳು" ಎಂಬ ಮಾತು ಬಂದರೆ ವರ್ಷದ ಸಾಧನೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ರೈಲು ಹತ್ತಬೇಕು. ಗೆದ್ದವನಿಗೂ ಒಂದು ವರ್ಷದ ಪರೀಕ್ಷಾವಧಿಯುಂಟು. ಪಕ್ಕದಲ್ಲಿ ಕುಳಿತವರೊಡನೆ ಕಮಾನು ಹೊಂದಿಕೊಂಡು ಚಲಿಸುತ್ತದೆಯೋ ಇಲ್ಲವೋ ಎಂಬುದನ್ನು ನೋಡಿ ಆಮೇಲೆ ಸಹವಾದಕರು ಮತ ಹಾಕುತ್ತಾರೆ.

ಸ್ಥಾನ ದೊರೆಯದವರ ಬದುಕು ತುಂಡು ತುಂಡುಗಳಿಂದ ಹೊಲಿದ ಕೌದಿಯಂತಹುದು. ಬೆಳಿಗ್ಗೆ ಪಾಠ, ಮಧ್ಯಾಹ್ನ ಚಲನಚಿತ್ರದ ಧ್ವನಿಮುದ್ರಣ, ರಾತ್ರಿ ಯಾರದೋ ಬದಲಿಗೆ ವಾದ್ಯವೃಂದದಲ್ಲಿ ಕೂರುವುದು. 2020ರಲ್ಲಿ ಕೊರೋನಾ ವ್ಯಾಧಿಯಿಂದ ಸಭಾಂಗಣಗಳು ಮುಚ್ಚಿದಾಗ ಮೊದಲು ಬರಿಗೈಯಾದವರು ಇವರೇ. ಭುಜದ ನೋವು ಇನ್ನೊಂದು ಶತ್ರು. ದೊಡ್ಡ ವಾದ್ಯದ ಆಸೆಯಿಂದ ಚಿಕ್ಕ ಕೈಯವರು ಅದನ್ನು ತಾವೇ ಬರಮಾಡಿಕೊಳ್ಳುತ್ತಾರೆ. ಒಂದು ಸಮಾಧಾನವೂ ಉಂಟು. ನಾಲ್ವರ ಗೋಷ್ಠಿ ಕಟ್ಟಬೇಕೆನ್ನುವ ತರುಣರಿಗೆ ಪಿಟೀಲಿನವರು ಸುಲಭವಾಗಿ ಸಿಕ್ಕುತ್ತಾರೆ, ಒಳ್ಳೆಯ ವಿಯೋಲದವರು ಸಿಕ್ಕುವುದಿಲ್ಲ. ಆದುದರಿಂದ ಮನೆಯ ಬಾಗಿಲನ್ನು ತಟ್ಟುವವರು ಇದ್ದೇ ಇರುತ್ತಾರೆ.

ನಮ್ಮ ದೇಶದಲ್ಲಿ ದಾರಿ ಇನ್ನೂ ಕಿರಿದು. 2006ರಲ್ಲಿ ಮುಂಬಯಿಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಸ್ಥಾಪನೆಯಾಯಿತು. ಅದರ ಪೀಠಗಳಲ್ಲಿಯೂ ಪರದೇಶದವರು ಬಹಳ. ಉನ್ನತ ಶಿಕ್ಷಣಕ್ಕೆ ಹೊರಗೆ ಹೋಗದೆ ವಿಧಿಯಿಲ್ಲ. ಕೆಳದನಿಯ ಆಸೆ ಮಾತ್ರ ನಮಗೆ ಹೊಸತಲ್ಲ. ಮೈಸೂರಿನ ಚೌಡಯ್ಯನವರು ಪಿಟೀಲಿಗೆ ಮೂರು ತಂತಿಗಳನ್ನು ಸೇರಿಸಿ ಏಳು ಮಾಡಿದರು, ನಾಲ್ಕು ತಂತಿಯ ದನಿ ಸಾಲದೆಂದು ಅವರಿಗನ್ನಿಸಿತು. ಬಾಲಮುರಳಿಕೃಷ್ಣರು ವಿಯೋಲದಲ್ಲಿಯೇ ಕರ್ನಾಟಕ ಸಂಗೀತದ ಕಚೇರಿಗಳನ್ನು ಮಾಡಿದರು.

ಹಾಗಾದರೆ ಪ್ರಶ್ನೆಗೆ ಉತ್ತರ? ಕೆಲಸ ಬೇಗ ಸಿಕ್ಕುವುದೆಂಬ ಕಾರಣಕ್ಕೆ ಮಗುವನ್ನು ವಿಯೋಲಕ್ಕೆ ಬದಲಾಯಿಸಬೇಡಿರಿ. ಟರ್ಟಿಸನಿಗೆ ಮುಂಚೆ ಆ ಲೆಕ್ಕಾಚಾರ ನಡೆಯುತ್ತಿತ್ತೋ ಏನೋ, ಈಗ ನಡೆಯದು. ಮೂರನೆಯ ವಯಸ್ಸಿನಿಂದ ಪ್ರೀತಿಸಿ ನುಡಿಸಿದವರು ಪರದೆಯ ಹಿಂದೆ ಸರದಿಯಲ್ಲಿ ನಿಂತಿರುವಾಗ, ಪಿಟೀಲಿಗೆ ಬೇಸತ್ತು ಬಂದವನ ಕಮಾನು ತನ್ನ ಕಥೆಯನ್ನು ತಾನೇ ಹೇಳಿಬಿಡುತ್ತದೆ.

ದನಿಯನ್ನು ಪ್ರೀತಿಸುವ ಮಗುವಾದರೆ ಮಾತೇ ಬೇರೆ. ಅದನ್ನು ಪರೀಕ್ಷಿಸಲು ಹಣ ಸುರಿಯಬೇಕಾಗಿಲ್ಲ. ಮಕ್ಕಳಿಗೆ ಹೊಂದುವ ಚಿಕ್ಕ ವಿಯೋಲ ದೊರೆಯದಿದ್ದಾಗ ಶಿಕ್ಷಕರು ಪಿಟೀಲಿಗೇ ವಿಯೋಲದ ತಂತಿಗಳನ್ನು ಕಟ್ಟಿಕೊಡುವ ವಾಡಿಕೆ ಇದೆ. ನಾದ ಅಷ್ಟು ತುಂಬಿ ಬರುವುದಿಲ್ಲ, ಆದರೆ ಕೆಳಗಿನ ಸಿ ತಂತಿಯ ಪರಿಚಯವಾಗುತ್ತದೆ. ನಿಮ್ಮ ಮನೆಯಲ್ಲಿ ನುಡಿಸದೆ ಬಿದ್ದಿರುವ ಪಿಟೀಲಿದ್ದರೆ, ಶಿಕ್ಷಕರ ಕೈಯಿಂದಲೇ ತಂತಿ ಕಟ್ಟಿಸಿ ಮಗುವಿಗೆ ಕೊಟ್ಟುನೋಡಿರಿ. ಒಂದು ತಿಂಗಳು ಕಳೆದ ಮೇಲೂ ಅದು ಆ ಕೆಳಗಿನ ತಂತಿಯನ್ನೇ ಹುಡುಕಿಕೊಂಡು ಹೋಗುತ್ತಿದ್ದರೆ, ಆಗ ನನ್ನಲ್ಲಿಗೆ ಬನ್ನಿರಿ. ಯಾವ ಅಳತೆಯ ವಾದ್ಯ ಆ ಕೈಗೆ ಒಪ್ಪೀತು ಎಂಬುದನ್ನು ಕುಳಿತು ಮಾತನಾಡೋಣ.